ಬಳಸಿದ ಸಸ್ಪೆನ್ಷನ್ ಬಿಡಿಭಾಗಗಳ ಖರೀದಿ: ಕಾರು ಮಾಲೀಕರು ಗಮನಿಸಬೇಕಾದ ಅಂಶಗಳು

ರಸ್ತೆಯ ಏರುಪೇರುಗಳನ್ನು ತಾಳಿಕೊಂಡು, ಟೈರುಗಳು ರಸ್ತೆಯನ್ನು ಬಿಡದಂತೆ ನೋಡಿಕೊಳ್ಳುವ ವ್ಯವಸ್ಥೆಯೇ ಸಸ್ಪೆನ್ಷನ್. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಲೋಯರ್ ಆರ್ಮ್, ಬಾಲ್ ಜಾಯಿಂಟ್ ಹಾಗೂ ರಬ್ಬರ್ ಬುಷ್‌ಗಳು ಇದರ ಮುಖ್ಯ ಭಾಗಗಳು. ಇವು ಸವೆದಲ್ಲಿ ಬ್ರೇಕ್ ಹಾಕಿದ ವಾಹನವು ಹೆಚ್ಚು ದೂರ ಸಾಗಿ ನಿಲ್ಲುತ್ತದೆ. ತಿರುವುಗಳಲ್ಲಿ ಹತೋಟಿ ತಪ್ಪುವ ಸಂಭವವೂ ಇರುತ್ತದೆ.

ಕಾರು ತಯಾರಕರಲ್ಲದ ಇತರ ಕಂಪನಿಗಳ ಬಿಡಿಭಾಗಗಳು ಹೊಸದಾಗಿದ್ದಾಗ ಉತ್ತಮವಾಗಿರಬಹುದು. ಆದರೆ ಒಬ್ಬರು ಬಳಸಿ ಕಳಚಿದ ಭಾಗಗಳನ್ನು ಕಡಿಮೆ ಬೆಲೆಯ ಆಸೆಯಿಂದ ಕೊಳ್ಳುವವರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಅವಶ್ಯಕ.

ಹೊರನೋಟಕ್ಕೆ ಕಾಣದ ದೋಷಗಳು

1. ಶಾಕ್ ಅಬ್ಸಾರ್ಬರ್‌ನ ಒಳಗಿನ ಸೀಲ್ ಮತ್ತು ವಾಲ್ವ್‌ಗಳ ಸವೆತ ಹೊರಗೆ ಕಾಣುವುದಿಲ್ಲ. ಸೋರಿದ ಎಣ್ಣೆಯನ್ನು ಒರೆಸಿ, ಬಣ್ಣ ಬಳಿದು ಮಾರಾಟಕ್ಕೆ ಇಡುವುದು ಸುಲಭ.
2. ಅಪಘಾತಕ್ಕೀಡಾದ ವಾಹನದ ಲೋಯರ್ ಆರ್ಮ್ ಅಲ್ಪ ಪ್ರಮಾಣದಲ್ಲಿ ಬಾಗಿದ್ದರೂ ಬರಿಗಣ್ಣಿಗೆ ತಿಳಿಯದು. ಅಳವಡಿಸಿದ ನಂತರ ಟೈರು ಒಂದೇ ಬದಿಯಲ್ಲಿ ಸವೆಯುತ್ತದೆ.
3. ಎತ್ತರ ತಗ್ಗಿಸಲು ಕತ್ತರಿಸಿದ ಸ್ಪ್ರಿಂಗ್ ತನ್ನ ಸ್ಥಾನದಲ್ಲಿ ಸರಿಯಾಗಿ ಕೂರುವುದಿಲ್ಲ.

ಹೊಂದಾಣಿಕೆ

ಒಂದೇ ಮಾದರಿಯ ಕಾರಿನಲ್ಲಿಯೂ ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಹೆಚ್ಚು ಭಾರವಿರುವುದರಿಂದ ಮುಂದಿನ ಸ್ಪ್ರಿಂಗ್‌ಗಳು ಪೆಟ್ರೋಲ್ ಕಾರಿನವುಗಳಿಗಿಂತ ಬೇರೆಯಾಗಿರಬಹುದು. ಆದ್ದರಿಂದ ಮಾದರಿಯ ಹೆಸರಿನ ಜೊತೆಗೆ ಬಿಡಿಭಾಗದ ಸಂಖ್ಯೆಯನ್ನೂ ತಾಳೆ ನೋಡತಕ್ಕದ್ದು. ಎಡಬಲದ ಶಾಕ್ ಅಬ್ಸಾರ್ಬರ್‌ಗಳನ್ನು ಜೊತೆಯಾಗಿಯೇ ಬದಲಿಸುವುದು ಸೂಕ್ತ.

ವೆಚ್ಚದ ಲೆಕ್ಕ

ಉದಾಹರಣೆಗೆ, ಹೊಸ ಜೊತೆಯ ಬೆಲೆ ರೂ. 8,000, ಬಳಸಿದ ಜೊತೆಯ ಬೆಲೆ ರೂ. 4,000 ಹಾಗೂ ಜೋಡಣೆ ಮತ್ತು ವೀಲ್ ಅಲೈನ್‌ಮೆಂಟ್ ವೆಚ್ಚ ರೂ. 2,500 ಎಂದು ಭಾವಿಸೋಣ. ಹೊಸದಕ್ಕೆ ಒಟ್ಟು ರೂ. 10,500 ತಗಲುತ್ತದೆ. ಬಳಸಿದ ಜೊತೆಯು ಕೆಲವೇ ತಿಂಗಳಲ್ಲಿ ಸೋರಿ ಹೊಸದನ್ನು ಹಾಕಬೇಕಾದಲ್ಲಿ ಒಟ್ಟು ವೆಚ್ಚ ರೂ. 17,000 ಆಗುತ್ತದೆ. ಉಳಿತಾಯವೆಂದು ತೋರಿದ್ದು ರೂ. 6,500 ನಷ್ಟವಾಗಿ ಪರಿಣಮಿಸುತ್ತದೆ.

ಖರೀದಿಗೆ ಮುನ್ನ

• ಶಾಕ್ ಅಬ್ಸಾರ್ಬರ್‌ನ ದಂಡದ ಮೇಲೆ ತುಕ್ಕು, ಗೀರು ಇದ್ದಲ್ಲಿ ತಿರಸ್ಕರಿಸಿ. ಅದನ್ನು ನೇರವಾಗಿ ನಿಲ್ಲಿಸಿ ಹಲವು ಬಾರಿ ಒತ್ತಿ, ಎಳೆದು ನೋಡಿ. ಚಲನೆಯಲ್ಲಿ ಎಲ್ಲಿಯೂ ಸಡಿಲತೆ ಇರಬಾರದು.
• ಬುಷ್‌ಗಳಲ್ಲಿ ಬಿರುಕು, ಬೆಸುಗೆಯ ಗುರುತುಗಳಿವೆಯೇ ಎಂದು ಪರಿಶೀಲಿಸಿ.
• ಬಾಲ್ ಜಾಯಿಂಟ್ ಮತ್ತು ರಬ್ಬರ್ ಬುಷ್‌ಗಳನ್ನು ಹೊಸದಾಗಿಯೇ ಕೊಳ್ಳಿ. ಬಾಲ್ ಜಾಯಿಂಟ್ ಕಳಚಿದಲ್ಲಿ ಚಕ್ರವೇ ಹತೋಟಿ ತಪ್ಪುತ್ತದೆ.
• ಸ್ಪ್ರಿಂಗ್ ಬಿಚ್ಚುವ ಕೆಲಸವನ್ನು ಸೂಕ್ತ ಸಲಕರಣೆಯುಳ್ಳ ಮೆಕ್ಯಾನಿಕ್‌ಗೆ ವಹಿಸಿ. ಒತ್ತಿ ಹಿಡಿದ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಾಪಾಯವಾಗಬಹುದು.

ಕಾನೂನಿನ ಅಂಶಗಳು

ಸರಕು ಮಾರಾಟ ಅಧಿನಿಯಮ, 1930ರ 16ನೇ ಕಲಂ ಪ್ರಕಾರ, ಖರೀದಿದಾರನು ಸರಕನ್ನು ಪರೀಕ್ಷಿಸಿ ಕೊಂಡಿದ್ದಲ್ಲಿ, ಆ ಪರೀಕ್ಷೆಯಲ್ಲಿ ತಿಳಿದುಬರಬೇಕಾಗಿದ್ದ ದೋಷಗಳಿಗೆ ಗುಣಮಟ್ಟದ ಸೂಚಿತ ಷರತ್ತು ಅನ್ವಯಿಸುವುದಿಲ್ಲ. ಆದ್ದರಿಂದ ಬಿಡಿಭಾಗದ ಸಂಖ್ಯೆ, ಸ್ಥಿತಿ ಹಾಗೂ ಹಿಂದಿರುಗಿಸುವ ಅವಧಿಯನ್ನು ನಮೂದಿಸಿದ ರಸೀದಿಯನ್ನು ತಪ್ಪದೇ ಪಡೆಯತಕ್ಕದ್ದು.

ಮೋಟಾರು ವಾಹನ ಅಧಿನಿಯಮ, 1988ರ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ 6 ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ವಾಹನದ ಎತ್ತರ ಬದಲಿಸುವ ಭಾಗಗಳನ್ನು ಕೊಳ್ಳುವ ಮುನ್ನ ನೋಂದಣಿ ಪ್ರಾಧಿಕಾರದಲ್ಲಿ ವಿಚಾರಿಸುವುದು ಸೂಕ್ತ.

ವ್ಯಾಪಾರಿಯಿಂದ ವಂಚನೆಗೊಳಗಾದ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ದೂರಿನ ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ರಸೀದಿಯಿಲ್ಲದೆ ಖಾಸಗಿ ವ್ಯಕ್ತಿಗಳಿಂದ ಕೊಂಡವರಿಗೆ ಇಂತಹ ಪರಿಹಾರ ದೊರೆಯುವುದು ಕಷ್ಟಸಾಧ್ಯ ಎಂಬುದನ್ನು ಸಾರ್ವಜನಿಕರು ಗಮನದಲ್ಲಿಡಬೇಕಾಗಿ ಕೋರಲಾಗಿದೆ.