ಮೊಣಕಾಲು ಕಂದಿದರೆ ಸರಿ, ಬೆನ್ನು ಕಂದಿದರೆ?

ದಾವಣಗೆರೆ: ಶಾಲೆ ಬಿಡುವ ಹೊತ್ತಿಗೆ ಜಯದೇವ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವ ಮಕ್ಕಳ ಕಾಲುಗಳನ್ನು ಒಮ್ಮೆ ನೋಡಬೇಕು. ಚಡ್ಡಿ ಹಾಕಿದ ಹುಡುಗರಿರಲಿ, ಸ್ಕರ್ಟು ತೊಟ್ಟ ಹುಡುಗಿಯರಿರಲಿ, ಮೊಣಕಾಲಿನ ಕೆಳಗೆ ಒಂದಾದರೂ ಕಂದಿದ ಕಲೆ ಇಲ್ಲದವರು ಅಪರೂಪ. ಒಬ್ಬನದು ಸೈಕಲ್ ಪೆಡಲು ಬಡಿದದ್ದು, ಇನ್ನೊಬ್ಬನದು ಕಬಡ್ಡಿಯಲ್ಲಿ ಬಿದ್ದದ್ದು, ಮತ್ತೊಬ್ಬಳದು ಬೆಂಚಿನ ಮೂಲೆ ತಾಗಿದ್ದು. ಯಾವಾಗ ಬಿದ್ದೆ ಅಂತ ಕೇಳಿದರೆ 'ಗೊತ್ತಿಲ್ಲ' ಅಂತಾವೆ. ನಿಜವಾಗಿಯೂ ಗೊತ್ತಿರುವುದಿಲ್ಲ. ಆಟದ ಮತ್ತಿನಲ್ಲಿರುವ ಮಗುವಿಗೆ ಪೆಟ್ಟಿನ ಲೆಕ್ಕ ಇಡಲು ಪುರುಸೊತ್ತೆಲ್ಲಿ?

ಇಂಥ ಕಲೆ ಕಂಡು ಗಾಬರಿಯಾಗಿ ಮಗುವನ್ನು ಆಟಕ್ಕೇ ಬಿಡದ ತಾಯಂದಿರಿದ್ದಾರೆ. ಹದಿನೈದು ದಿನದಿಂದ ಮೈತುಂಬ ಕಲೆ ಏಳುತ್ತಿದ್ದರೂ 'ಆಡೋ ಹುಡುಗ, ಬೀಳದೆ ಇರ್ತಾನಾ' ಎಂದು ಅಂಗಡಿ ಬಾಗಿಲು ತೆಗೆಯಲು ಹೊರಡುವ ತಂದೆಯರೂ ಇದ್ದಾರೆ. ಮೊದಲನೆಯವರಿಂದ ಮಗುವಿಗೆ ಆಟ ತಪ್ಪುತ್ತದೆ, ಅಷ್ಟೆ. ಎರಡನೆಯವರಿಂದ ಕೆಲವೊಮ್ಮೆ ಮಗುವೇ ಕೈತಪ್ಪುತ್ತದೆ.

ಕಂದುವುದು ಅಂದರೇನು? ಪೆಟ್ಟು ಬಿದ್ದಾಗ ಮೇಲಿನ ಚರ್ಮ ಹರಿಯದೆ ಒಳಗಿನ ಸಣ್ಣ ರಕ್ತನಾಳ ಒಡೆಯುತ್ತದೆ. ಸೋರಿದ ರಕ್ತ ಅಲ್ಲೇ ನಿಂತು ಮೊದಲು ಕೆಂಪು, ಆಮೇಲೆ ನೀಲಿ ಇಲ್ಲವೇ ಕಪ್ಪು, ಕೊನೆಗೆ ಹಸಿರು ಹಳದಿಗೆ ತಿರುಗಿ ಎರಡು ವಾರದ ಆಸುಪಾಸಿನಲ್ಲಿ ಮಾಯವಾಗುತ್ತದೆ. ನಮ್ಮ ಕಡೆಯ ಕಪ್ಪು, ಎಣ್ಣೆಗೆಂಪು ಮೈಬಣ್ಣದ ಮೇಲೆ ಈ ಬಣ್ಣಗಳು ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ರಾತ್ರಿ ಬಲ್ಬಿನ ಬೆಳಕಿನಲ್ಲಿ ನೋಡಿ ಏನೂ ಇಲ್ಲ ಎಂದು ಸುಮ್ಮನಾಗಬಾರದು, ಹಗಲು ಸ್ನಾನ ಮಾಡಿಸುವಾಗ ನೋಡಬೇಕು. ಇನ್ನೊಂದು ಮಾತು: ಬಣ್ಣ ನೋಡಿ 'ಇದು ಮೂರು ದಿನದ್ದು, ಇದು ನಾಲ್ಕು ದಿನದ್ದು' ಎಂದು ಹೇಳುವ ಪಂಡಿತರು ಬೀದಿಗೊಬ್ಬರಿದ್ದಾರೆ. ಅನುಭವಿ ವೈದ್ಯರಿಗೇ ಅದನ್ನು ನಿಖರವಾಗಿ ಹೇಳಲು ಆಗುವುದಿಲ್ಲ.

ಜಾಗ ನೋಡಿ, ಸ್ವಾಮಿ

ಲೆಕ್ಕಕ್ಕೆ ಬರುವುದು ಕಲೆಯ ಸಂಖ್ಯೆಗಿಂತ ಹೆಚ್ಚಾಗಿ ಕಲೆಯ ಜಾಗ. ಓಡುವ ಮಗು ಮುಂದಕ್ಕೆ ಬೀಳುತ್ತದೆ. ಆಗ ನೆಲಕ್ಕೆ ತಾಗುವುದು ಮೂಳೆ ಮುಂದೆ ಚಾಚಿಕೊಂಡಿರುವ ಭಾಗ: ಮೊಣಕಾಲು, ಮುಂಗಾಲಿನ ಮೂಳೆ, ಮೊಣಕೈ, ಹಣೆ, ಗದ್ದ. ಇಲ್ಲಿ ಐದಾರು ಕಲೆ ಒಟ್ಟಿಗೇ ಇದ್ದರೂ ಮಗು ಗಟ್ಟಿಮುಟ್ಟಾಗಿ ಆಡಿಕೊಂಡಿದ್ದರೆ ಚಿಂತೆ ಬೇಡ. ಮೊದಲ ದಿನ ತಣ್ಣೀರು ಬಟ್ಟೆ ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು. ಬುಗುಟೆ ಎದ್ದ ಕೂಡಲೇ ಬಿಸಿ ಎಣ್ಣೆ ಹಚ್ಚಿ ಗಸಗಸ ತಿಕ್ಕುವ ಅಜ್ಜಿಯರ ಪ್ರೀತಿ ದೊಡ್ಡದು. ಆದರೆ ತಿಕ್ಕಿದಷ್ಟೂ ಒಳಗಿನ ರಕ್ತ ಹೆಚ್ಚು ಸೋರುತ್ತದೆ.

ಬೆನ್ನು, ಹೊಟ್ಟೆ, ಎದೆ, ಕುಂಡೆ, ಕಿವಿ, ಕುತ್ತಿಗೆ, ಕೆನ್ನೆಯ ಮೆತ್ತನೆ ಭಾಗ, ತೊಡೆಯ ಒಳಬದಿ... ಇವು ಆಟದಲ್ಲಿ ಸುಲಭಕ್ಕೆ ಕಂದುವ ಜಾಗಗಳಲ್ಲ. ಕಿವಿಯಂತೂ ತಲೆ ಮತ್ತು ಭುಜದ ನಡುವೆ ಅಡಗಿರುವಂಥದ್ದು. ಬಿದ್ದ ಮಗುವಿನ ಕಿವಿ ಕಪ್ಪಾಗಿದೆ ಎಂದರೆ ಯಾರಾದರೂ ಪ್ರಶ್ನೆ ಕೇಳಲೇಬೇಕು.

ಇನ್ನು ಎಳೆಗೂಸುಗಳ ಮಾತು. ಅಮೆರಿಕದ ಸಿಯಾಟಲ್‌ನ ವೈದ್ಯರು ಮೂರು ವರ್ಷದೊಳಗಿನ 973 ಮಕ್ಕಳ ಮೈ ನೋಡಿ 1999ರಲ್ಲಿ ಒಂದು ವರದಿ ಪ್ರಕಟಿಸಿದರು. ನಡೆಯಲು ಕಲಿತ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಲೆಗಳಿದ್ದವು. ಆರು ತಿಂಗಳೊಳಗಿನ 366 ಕೂಸುಗಳಲ್ಲಿ ಕಲೆ ಇದ್ದದ್ದು ಇಬ್ಬರಿಗೆ ಮಾತ್ರ! ಅಂಬೆಗಾಲೂ ಇಡದ ಕೂಸು ಬೀಳುವುದಾದರೂ ಎಲ್ಲಿಂದ? ಆದ್ದರಿಂದ ನಾಲ್ಕು ತಿಂಗಳ ಕೂಸಿನ ಮೈಮೇಲೆ ಎಲ್ಲೇ ಒಂದು ಕಂದಿದ ಕಲೆ ಕಂಡರೂ ಅವತ್ತೇ ವೈದ್ಯರಿಗೆ ತೋರಿಸಬೇಕು. ಹೆರಿಗೆ ಮನೆಯಲ್ಲೇ ಆಗಿ, ಹುಟ್ಟಿದ ಕೂಡಲೇ ಕೊಡಬೇಕಾದ ವಿಟಮಿನ್ 'ಕೆ' ಇಂಜೆಕ್ಷನ್ ತಪ್ಪಿದ್ದರೆ ಇನ್ನೂ ಬೇಗ. ಅಂಥ ಕೂಸುಗಳಿಗೆ ಒಂದೆರಡು ತಿಂಗಳಲ್ಲಿ ಮಿದುಳಿನಲ್ಲೇ ರಕ್ತ ಸೋರುವ ಅಪಾಯ ಉಂಟು.

ಹಾಗೆಂದು ಪ್ರತಿ ನೀಲಿ ಕಲೆಯೂ ಪೆಟ್ಟಲ್ಲ. ನಮ್ಮ ದೇಶದ ಎಷ್ಟೋ ಕೂಸುಗಳು ಹುಟ್ಟುವಾಗಲೇ ಸೊಂಟದ ಕೆಳಗೆ, ಕುಂಡೆಯ ಮೇಲೆ ಬೂದು ನೀಲಿ ಬಣ್ಣದ ಅಗಲ ಮಚ್ಚೆ ಹೊತ್ತು ಬರುತ್ತವೆ. ಅದು ಚರ್ಮದ ಬಣ್ಣ, ರಕ್ತವಲ್ಲ. ಮುಟ್ಟಿದರೆ ನೋವಿಲ್ಲ, ವಾರ ಕಳೆದರೂ ಬಣ್ಣ ಬದಲಾಗುವುದಿಲ್ಲ, ಶಾಲೆಗೆ ಸೇರುವ ವಯಸ್ಸಿಗೆ ಸಾಮಾನ್ಯವಾಗಿ ತಾನೇ ಮಾಸುತ್ತದೆ. ಇದನ್ನೇ ನೋಡಿ 'ಸೊಸೆ ಕೂಸನ್ನು ಎತ್ತಿಹಾಕಿದಳು' ಎಂದು ರಂಪ ಮಾಡುವ ಅತ್ತೆಯರು ಮೊದಲು ವೈದ್ಯರನ್ನು ಕೇಳಿ ಆಮೇಲೆ ಜಗಳ ಶುರು ಮಾಡಿದರೆ ಒಳ್ಳೆಯದು.

ರಕ್ತದ ಲೆಕ್ಕ

ಬೀಳದೆ, ಬಡಿಯದೆ ಕಲೆ ಏಳುತ್ತಿದ್ದರೆ ಅನುಮಾನ ರಕ್ತದ ಮೇಲೆ. ರಕ್ತ ಸೋರಿದ ಕಡೆ ಬಿರಡೆ ಹಾಕುವ ಕೆಲಸ ಪ್ಲೇಟ್‌ಲೆಟ್ ಎಂಬ ಕಣಗಳದ್ದು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕು. ಕೆಲವು ಮಕ್ಕಳಿಗೆ, ಅದರಲ್ಲೂ ಎರಡರಿಂದ ಆರು ವರ್ಷದವರಿಗೆ, ನೆಗಡಿ ಜ್ವರ ಬಂದು ಹೋದ ಎರಡು ಮೂರು ವಾರಕ್ಕೆ ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ಹೊಡೆದು ಹಾಕತೊಡಗುತ್ತದೆ. ಇದಕ್ಕೆ ವೈದ್ಯರು ಐ.ಟಿ.ಪಿ. ಅಂತಾರೆ. ನಿನ್ನೆಯವರೆಗೆ ಚೆನ್ನಾಗಿದ್ದ ಮಗುವಿಗೆ ಬೆಳಗಾಗುವಷ್ಟರಲ್ಲಿ ಮೈತುಂಬ ಕಲೆ, ಸಾಸಿವೆ ಕಾಳು ಚೆಲ್ಲಿದಂತೆ ಕೆಂಪು ಚುಕ್ಕಿ, ಒಸಡಿನಲ್ಲಿ ರಕ್ತ. ಮಗು ಮಾತ್ರ ಏನೂ ಆಗಿಲ್ಲವೆಂಬಂತೆ ಆಡಿಕೊಂಡೇ ಇರುತ್ತದೆ. ಹೆದರಿಸುವಂತೆ ಕಂಡರೂ ಮುಕ್ಕಾಲು ಪಾಲು ಮಕ್ಕಳು ಆರು ತಿಂಗಳೊಳಗೆ ಸರಿಹೋಗುತ್ತಾರೆ. ಹಲವರಿಗೆ ಔಷಧಿಯೂ ಬೇಕಾಗುವುದಿಲ್ಲ, ಬೇಕಾಗುವುದು ಎಚ್ಚರ: ತಲೆಗೆ ಪೆಟ್ಟು ಬೀಳದಂತೆ ನೋಡಿಕೊಳ್ಳುವುದು.

ಆ ಚುಕ್ಕಿಗಳನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪಾರದರ್ಶಕ ಗಾಜಿನ ಲೋಟವನ್ನು ಚುಕ್ಕಿಯ ಮೇಲೆ ಒತ್ತಿ. ಗಾಜಿನೊಳಗಿಂದ ನೋಡಿದಾಗ ಕೆಂಪು ಮಾಯವಾದರೆ ಅದು ಬೆವರುಸಾಲೆ, ಅಲರ್ಜಿ ಇತ್ಯಾದಿ ಇರಬಹುದು. ಒತ್ತಿದರೂ ಕೆಂಪು ಹಾಗೇ ಉಳಿದರೆ ಚರ್ಮದೊಳಗೆ ರಕ್ತ ಸೋರಿದೆ ಎಂದರ್ಥ. ಜೊತೆಗೆ ಜ್ವರವೂ ಇದ್ದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು. ಡೆಂಗಿ ಇರಬಹುದು, ಅದಕ್ಕಿಂತ ಕೆಟ್ಟ ಸೋಂಕೂ ಇರಬಹುದು. ಮೆಡಿಕಲ್ ಶಾಪಿನವರು ಇಲ್ಲೊಂದು ಉಪಕಾರ ಮಾಡಬಹುದು. ಜ್ವರ, ಮೈಮೇಲೆ ಚುಕ್ಕಿ ಎಂದು ಹೇಳಿಕೊಂಡು ಬಂದವರಿಗೆ ಆಸ್ಪಿರಿನ್, ಐಬುಪ್ರೊಫೇನ್ ಕೊಡದೆ ಡಾಕ್ಟರ ಬಳಿಗೆ ಕಳಿಸುವುದು. ಆ ಎರಡೂ ಪ್ಲೇಟ್‌ಲೆಟ್ ಕೆಲಸವನ್ನು ಇನ್ನಷ್ಟು ಕೆಡಿಸುತ್ತವೆ. ಪಪ್ಪಾಯಿ ಎಲೆಯ ರಸ ಕುಡಿಸಿ ಎರಡು ದಿನ ನೋಡೋಣ ಎನ್ನುವವರಿಗೂ ಇದೇ ಮಾತು. ಆ ಎರಡು ದಿನ ಮತ್ತೆ ಸಿಗುವುದಿಲ್ಲ.

ಹೆಚ್ಚು ಹೆದರಬೇಕಾದದ್ದು ಕಲೆಗಳ ಜೊತೆ ಮಗು ಸೊರಗುತ್ತಿದ್ದರೆ. ಮುಖ ಬಿಳಿಚಿಕೊಂಡಿದೆ, ಜ್ವರ ಬಿಟ್ಟು ಬಿಟ್ಟು ಬರುತ್ತಿದೆ, ರಾತ್ರಿ ಕಾಲು ನೋವೆಂದು ಏಳುತ್ತದೆ, ಕುತ್ತಿಗೆಯಲ್ಲಿ ಗಂಟು, ಹೊಟ್ಟೆ ಉಬ್ಬಿದೆ ಎಂದರೆ ರಕ್ತದ ಕ್ಯಾನ್ಸರ್ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಲೇಬೇಕು. ಕ್ಯಾನ್ಸರ್ ಎಂಬ ಪದ ಕೇಳಿಯೇ ಆಸ್ಪತ್ರೆಯಿಂದ ಮಗುವನ್ನು ಮನೆಗೆ ಒಯ್ಯುವವರು ಇನ್ನೂ ಇದ್ದಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಇವತ್ತು ವಾಸಿಯಾಗುವ ಕಾಯಿಲೆ. ಎರಡು ವರ್ಷಕ್ಕೂ ಮೀರಿ ಚಿಕಿತ್ಸೆ ಪೂರ್ತಿ ಮಾಡಿದವರಲ್ಲಿ ಬಹುಪಾಲು ಮಕ್ಕಳು ಬದುಕುತ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇರುವುದೇ ಇದಕ್ಕೆ. ಆದರೆ ಪರೀಕ್ಷೆಗೆ ಮುಂಚೆಯೇ ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆ ನುಂಗಿಸಿದರೆ ಕಾಯಿಲೆ ತಾತ್ಕಾಲಿಕವಾಗಿ ಮರೆಯಾಗಿ, ನಿಜ ಗೊತ್ತಾಗುವಾಗ ತಡವಾಗಿರುತ್ತದೆ.

ಮೊದಲ ಪರೀಕ್ಷೆ ಸಿ.ಬಿ.ಸಿ. ಎಂಬ ಸರಳ ರಕ್ತ ಪರೀಕ್ಷೆ. ಬೆರಳೆಣಿಕೆಯ ನೂರರ ನೋಟುಗಳ ಖರ್ಚು, ಸರ್ಕಾರಿ ಆಸ್ಪತ್ರೆಯಲ್ಲಿ ಅದೂ ಬೇಡ. ಆದರೆ ಅದೊಂದು ಸರಿಯಿದ್ದರೆ ಎಲ್ಲ ಸರಿ ಎನ್ನುವಂತಿಲ್ಲ.

ಸೋದರಮಾವನ ಕಥೆ ಕೇಳಿ

ಹಿಮೋಫಿಲಿಯಾ ಇರುವ ಹುಡುಗನ ಪ್ಲೇಟ್‌ಲೆಟ್ ಎಣಿಕೆ ಪೂರಾ ಸರಿಯಾಗಿಯೇ ಇರುತ್ತದೆ. ಅವನಲ್ಲಿ ಕೊರತೆ ಇರುವುದು ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಅಥವಾ ಒಂಬತ್ತನೆಯ ಅಂಶದ್ದು, ಡಾಕ್ಟರು ಫ್ಯಾಕ್ಟರ್ ಎನ್ನುವುದು ಅದನ್ನೇ. ಅದು ಗೊತ್ತಾಗಲು ಪಿ.ಟಿ., ಎ.ಪಿ.ಟಿ.ಟಿ. ಎಂಬ ಬೇರೆ ಪರೀಕ್ಷೆ ಬೇಕು. ಕೂಸು ಅಂಬೆಗಾಲಿಡುವಾಗ ಎದೆ ಹೊಟ್ಟೆಯ ಮೇಲೆ ಗಂಟುಗಂಟಾದ ಕಲೆ, ಹಲ್ಲು ಹುಟ್ಟುವಾಗ ನಿಲ್ಲದ ರಕ್ತ, ಲಸಿಕೆ ಚುಚ್ಚಿದ ಕಡೆ ದಪ್ಪ ಬಾವು, ಸ್ವಲ್ಪ ದೊಡ್ಡವನಾದ ಮೇಲೆ ಮೊಣಕಾಲು ಕೀಲು ಊದಿ ಬಿಸಿಯಾಗುವುದು ಇದರ ಗುರುತು. ಕೀಲಿನೊಳಗೆ ಮತ್ತೆ ಮತ್ತೆ ರಕ್ತ ಸೋರಿದರೆ ಹುಡುಗ ಜೀವಮಾನವಿಡೀ ಕುಂಟಬೇಕಾಗುತ್ತದೆ.

ಈ ಕಾಯಿಲೆ ಬರುವುದು ತಾಯಿಯ ಕಡೆಯಿಂದ. ತಾಯಿ ಆರೋಗ್ಯವಾಗಿಯೇ ಇರುತ್ತಾಳೆ, ಮಗನಿಗೆ ಬರುತ್ತದೆ. ಆದ್ದರಿಂದ ವೈದ್ಯರು 'ನಿಮ್ಮ ತಮ್ಮಂದಿರಿಗೆ ಹೀಗಾಗಿತ್ತಾ?' ಎಂದು ಕೇಳಿದರೆ ಸಿಟ್ಟಾಗಬಾರದು. ಚಿಕ್ಕಂದಿನಲ್ಲಿ ಹಲ್ಲು ಕೀಳಿಸಿ ರಕ್ತ ನಿಲ್ಲದೆ ತೀರಿಕೊಂಡ ಸೋದರಮಾವನ ಕಥೆ ಮನೆಯಲ್ಲಿ ಯಾರೂ ಆಡದೆ ಮುಚ್ಚಿಟ್ಟಿದ್ದರೆ ಅದೇ ಅಳಿಯನಿಗೆ ಮುಳುವಾಗುತ್ತದೆ. ರಾಜಮನೆತನಗಳನ್ನೂ ಬಿಡದ ಕಾಯಿಲೆ ಇದು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಹೆಣ್ಣುಮಕ್ಕಳ ಮೂಲಕ ರಷ್ಯಾದ ಕೊನೆಯ ಚಕ್ರವರ್ತಿಯ ಮಗ ಅಲೆಕ್ಸಿಯವರೆಗೆ ಹೋಯಿತು. ಆ ಹುಡುಗನ ಮೂಳೆಗಳ ಪರೀಕ್ಷೆಯಿಂದ ಕೊರತೆ ಒಂಬತ್ತನೆಯ ಅಂಶದ್ದೆಂದು 2009ರಲ್ಲಿ ಖಚಿತವಾಯಿತು. ಸುಮಾರು ಮೂರರಲ್ಲಿ ಒಂದು ಮನೆಯಲ್ಲಿ ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿಯೂ ಕಾಣಿಸಿಕೊಳ್ಳುತ್ತದೆ. ಸೋದರಿಕೆ ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇನ್ನೂ ಅಪರೂಪದ ಬೇರೆ ರಕ್ತಸ್ರಾವದ ಕಾಯಿಲೆಗಳು, ಅವು ಹೆಣ್ಣುಮಕ್ಕಳನ್ನೂ ಬಿಡುವುದಿಲ್ಲ. ಹೊಕ್ಕುಳ ಬಳ್ಳಿ ಉದುರುವಾಗ ದಿನಗಟ್ಟಲೆ ರಕ್ತ ಒಸರಿದ್ದರೆ ಅದನ್ನು ಮರೆಯದೆ ಹೇಳಬೇಕು.

ಈ ವಿಷಯದಲ್ಲಿ ದಾವಣಗೆರೆಯವರು ದೂರ ಹೋಗಬೇಕಿಲ್ಲ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಬೆಳೆದದ್ದೇ ಈ ಊರಿನಲ್ಲಿ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರು ಸ್ವತಃ ಹಿಮೋಫಿಲಿಯಾ ಜೊತೆ ಬದುಕಿ ವೈದ್ಯರಾದವರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿ ಹಿಮೋಫಿಲಿಯಾ ಕೂಡ ಸೇರಿದೆ.

ಬಿದ್ದದ್ದಲ್ಲ, ಹೊಡೆದದ್ದು

ಇಷ್ಟು ಹೇಳಿ ಅದೊಂದನ್ನು ಬಿಟ್ಟರೆ ಕಣ್ಣು ಮುಚ್ಚಿಕೊಂಡಂತೆ. ಬೆತ್ತದ ಏಟಿಗೆ ಎರಡು ಸಮಾನಾಂತರ ಗೆರೆಯ ಬಾಸುಂಡೆ, ಬೆಲ್ಟಿಗೆ, ಮಡಿಚಿದ ವಯರಿಗೆ ಕುಣಿಕೆಯ ಆಕಾರ, ಕೆನ್ನೆಗೆ ಬೆರಳಿನ ಗುರುತು. ನೆಲ ಇಂಥ ಗುರುತು ಮಾಡುವುದಿಲ್ಲ. ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ, ಮಗು ಮಾತ್ರ ದೊಡ್ಡವರ ಮುಖ ನೋಡಿ ಸುಮ್ಮನಾಗುತ್ತದೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. 'ಮೇಷ್ಟ್ರು ಹೊಡೆದರೆ ಬುದ್ಧಿ ಬರುತ್ತೆ' ಎಂಬ ಮಾತಿಗೆ ಈಗ ಕಾನೂನಿನ ಬೆಂಬಲವಿಲ್ಲ. ಪಕ್ಕದ ಮನೆಯ ಮಗುವಿನ ಮೈಮೇಲೆ ಇಂಥ ಗುರುತು ಪದೇ ಪದೇ ಕಂಡವರು 1098ಕ್ಕೆ ಫೋನ್ ಮಾಡಬಹುದು, ಕರೆ ಉಚಿತ. ಅದೇ ಹೊತ್ತಿಗೆ, ರಕ್ತದ ಕಾಯಿಲೆ ಇರುವ ಮಗುವಿನ ಬಡಪಾಯಿ ತಂದೆತಾಯಿಗೆ 'ಹೊಡೆದಿದ್ದಾರೆ' ಎಂಬ ಪಟ್ಟ ಬರುವುದೂ ಉಂಟು. ತೀರ್ಪು ಕೊಡಬೇಕಾದದ್ದು ಓಣಿಯ ಕಟ್ಟೆಯಲ್ಲ, ವೈದ್ಯರು ಮತ್ತು ರಕ್ತ ಪರೀಕ್ಷೆ.

ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಚುಚ್ಚಿಕೊಂಡ ಮಕ್ಕಳನ್ನೂ ಬೇರೆಯಾಗಿ ನೋಡಬೇಕು. ಹೊರಗೆ ನಾಲ್ಕಾಣೆಯಷ್ಟು ಗುಂಡನೆಯ ಕಲೆ, ಒಳಗೆ ಗುಲ್ಮವೋ ಯಕೃತ್ತೋ ಸೀಳಿರುತ್ತದೆ. ಹೊಟ್ಟೆ ನೋವು, ವಾಂತಿ, ಬಿಳಿಚಿಕೊಳ್ಳುವುದು ಕಂಡರೆ ಸೋಡಾ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು ಶುರುವಾದರೂ ಅಷ್ಟೆ.

ಕೊನೆಗೆ ಮಂಡಿಪೇಟೆಯ ವರ್ತಕರಿಗೆ, ದಿನಸಿ ಅಂಗಡಿಯವರಿಗೆ ಸಂಬಂಧಿಸಿದ ವಿಷಯ. ಅಕ್ಕಿ ಮೂಟೆಯ ಸಂದಿಯಲ್ಲಿ ಇಡುವ ನೀಲಿ, ಗುಲಾಬಿ ಬಣ್ಣದ ಇಲಿ ಪಾಷಾಣದ ಬಿಲ್ಲೆ ಮಕ್ಕಳ ಕಣ್ಣಿಗೆ ಥೇಟ್ ಪೆಪ್ಪರಮೆಂಟು. ತಿಂದ ದಿನ ಏನೂ ಆಗುವುದಿಲ್ಲ. ಎರಡು ಮೂರು ದಿನ ಕಳೆದ ಮೇಲೆ ಮೂಗಿನಲ್ಲಿ ರಕ್ತ, ಮೈಮೇಲೆ ಕಲೆ ಶುರು, ಅಷ್ಟರಲ್ಲಿ ಬಿಲ್ಲೆಯ ನೆನಪು ಯಾರಿಗೂ ಇರುವುದಿಲ್ಲ. ವಿಟಮಿನ್ 'ಕೆ' ಇದಕ್ಕೆ ಮದ್ದು. ಟ್ಯೂಬಿನಲ್ಲಿ ಬರುವ ಪಾಷಾಣದ ಪೇಸ್ಟು ಇನ್ನೂ ಘೋರ, ಯಕೃತ್ತನ್ನೇ ಸುಡುತ್ತದೆ, ಅದಕ್ಕೆಂದೇ ನಿರ್ದಿಷ್ಟ ಮದ್ದಿಲ್ಲ. ಮಗು ಯಾವುದನ್ನು ಬಾಯಿಗೆ ಹಾಕಿಕೊಂಡಿತು ಎಂಬುದು ವೈದ್ಯರಿಗೆ ಗೊತ್ತಾಗಬೇಕು. ಕಲೆ ಏಳಲಿ ಎಂದು ಕಾಯದೆ, ಆ ಕ್ಷಣವೇ, ಖಾಲಿ ಪೊಟ್ಟಣವನ್ನೂ ಕೈಯಲ್ಲಿ ಹಿಡಿದುಕೊಂಡೇ ಆಟೋ ಹತ್ತಬೇಕು.