ಓಡಲು ಹುಟ್ಟಿದ ನಾಯಿಗೆ ಅಂಗಳ ಸಾಲದು

2020ರ ಜುಲೈನಲ್ಲಿ ದಾವಣಗೆರೆ ಪೊಲೀಸರ ಡಾಬರ್‌ಮನ್ ನಾಯಿಯೊಂದು ಕೊಲೆ ಆರೋಪಿಯ ಜಾಡು ಹಿಡಿದು ಸುಮಾರು 12 ಕಿ.ಮೀ. ಓಡಿ ಸುದ್ದಿಯಾಗಿತ್ತು. ಅದರ ಹೆಸರು ತುಂಗಾ, ನಮ್ಮ ಹೊಳೆಯದೇ ಹೆಸರು. ಎಲ್ಲರೂ ಅದರ ಮೂಗನ್ನು ಕೊಂಡಾಡಿದರು. ನನ್ನ ಗಮನ ಹೋಗಿದ್ದು ಆ ಓಟದ ಮೇಲೆ. ಅದೇ ತಳಿಯ ನಾಯಿಗಳು ಶಿವಮೊಗ್ಗದ ಬಡಾವಣೆಗಳಲ್ಲಿ, ಮೂವತ್ತು-ನಲವತ್ತರ ಸೈಟಿನ ಮನೆಗಳಲ್ಲಿ, ಗೇಟಿಗೂ ಕಾರಿಗೂ ನಡುವೆ ಸರಪಳಿಯಲ್ಲಿ ದಿನ ಕಳೆಯುತ್ತಿವೆ. ಗಿಡ ಅಗೆಯುತ್ತದೆ, ಚಪ್ಪಲಿ ಕಚ್ಚಿ ಹರಿಯುತ್ತದೆ, ಬಂದವರ ಮೈಮೇಲೆ ಎಗರುತ್ತದೆ ಎಂದು ಮನೆಯವರು ದೂರುತ್ತಾರೆ. ಅದು ಕೆಟ್ಟ ಬುದ್ಧಿಯಲ್ಲ, ಖರ್ಚಾಗದೆ ಉಳಿದ ಓಟ.

ಈ ವಿಷಯದಲ್ಲಿ ಭದ್ರಾವತಿಯವರು ಪುಣ್ಯವಂತರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ, ಆಮೇಲೆ ಕಾಗದನಗರದಲ್ಲಿ, ಕಾರ್ಮಿಕರಿಗಾಗಿ ಎದ್ದ ಕ್ವಾರ್ಟರ್ಸ್‌ಗಳ ನಡುವೆ ಇನ್ನೂ ಜಾಗವಿದೆ, ಮರದ ನೆರಳಿದೆ. ಆದರೆ ಜಾಗ ಇದ್ದರೆ ಸಾಲದು, ಹೊತ್ತೂ ಬೇಕು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಏಪ್ರಿಲ್ ಬಿಸಿಲಿನಲ್ಲಿ ಹತ್ತು ಗಂಟೆಯ ವಾಕಿಂಗ್ ಅದಕ್ಕೆ ಶಿಕ್ಷೆ. ಡಾಂಬರಿನ ಮೇಲೆ ನಿಮ್ಮ ಅಂಗೈಯ ಹಿಂಭಾಗ ಐದು ಸೆಕೆಂಡ್ ಇಡಲಾಗದಿದ್ದರೆ ಅದರ ಪಾದಕ್ಕೂ ಅದು ಸುಡುತ್ತದೆ. ಹಾಗಾಗಿ ಬೆಳಗ್ಗೆ ಐದೂವರೆಗೆ ಏಳಲಾಗದವರು ದೊಡ್ಡ ತಳಿಯ ಆಸೆ ಬಿಡುವುದು ಒಳ್ಳೆಯದು. ಹಸ್ಕಿಯಂಥ ಹಿಮದ ನಾಡಿನ ನಾಯಿಯನ್ನಂತೂ ಯಾರೂ ಇಲ್ಲಿಗೆ ತರಬೇಡಿ.

ಊಟವಾದ ತಕ್ಷಣ ಓಡಿಸಬಾರದು. ಎದೆಗೂಡು ಆಳವಾಗಿರುವ ತಳಿಗಳಲ್ಲಿ ಹೊಟ್ಟೆ ಉಬ್ಬಿ, ತಿರುಚಿಕೊಂಡು, ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಒಂದು ವರ್ಷ ತುಂಬದ ಮರಿಯನ್ನು ಬೈಕಿನ ಹಿಂದೆ ಓಡಿಸುವುದು ಇನ್ನೊಂದು ತಪ್ಪು, ಕೀಲುಗಳು ಆಗ ಇನ್ನೂ ಬಲಿತಿರುವುದಿಲ್ಲ. ಮಳೆ ಹಿಡಿದ ದಿನ ಮನೆಯೊಳಗೇ ತಿಂಡಿ ಬಚ್ಚಿಟ್ಟು ಹುಡುಕಲು ಬಿಡಿ. ಕಾಲು ಗಂಟೆ ಮೂಗಿಗೆ ಕೆಲಸ ಕೊಟ್ಟರೆ ನಾಯಿ ನೆಮ್ಮದಿಯಾಗಿ ಮಲಗುತ್ತದೆ.

ಓಡುವ ನಾಯಿಯೇ ಬೇಕೆಂದರೆ ನಮ್ಮ ನಾಡಿನ ಮುಧೋಳ ಇದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಲ್ಕು ದೇಶಿ ತಳಿಗಳಲ್ಲಿ ಅದೂ ಒಂದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಈ ತಳಿಯನ್ನು ಸಾಕಿ ಬೆಳೆಸುತ್ತಿದೆ. ಆದರೆ ಅದು ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ ಅಟ್ಟುವ ನಾಯಿ. ಬೆಕ್ಕೋ ಮೊಲವೋ ಕಂಡಿತೆಂದರೆ ನಿಮ್ಮ ಕೂಗು ಅದರ ಕಿವಿಗೆ ಬೀಳದು. ಬೇಲಿಯಿಲ್ಲದ ಕಡೆ ಹಗ್ಗ ಬಿಚ್ಚಬಾರದು. ಬಯಲುಸೀಮೆಯಲ್ಲಿ ಬೆಳೆದ ತೆಳುಮೈಗೆ ಮಲೆನಾಡಿನ ಜಡಿಮಳೆಯಲ್ಲಿ ಒಣ ಹಾಸಿಗೆ, ಬೆಚ್ಚಗಿನ ಮೂಲೆ ಬೇಕೇ ಬೇಕು.

ತಳಿ ಯಾವುದೇ ಇರಲಿ, ಇಲ್ಲಿ ನಾನು ಹೆಚ್ಚು ಹೆದರುವುದು ಉಣುಗಿಗೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಕಾಡಿನ ಉಣುಗು ಬೇರೆ, ನಾಯಿಯ ಮೈಯಲ್ಲಿ ಸಾಮಾನ್ಯವಾಗಿ ಕಾಣುವ ಕಂದು ಉಣುಗು ಬೇರೆ. ಆದರೂ ಬೇಸಿಗೆಯಲ್ಲಿ ನಾಯಿಯನ್ನು ಕಾಡಂಚಿಗೆ ಕರೆದೊಯ್ಯದಿರುವುದು ಮನೆಯವರೆಲ್ಲರ ಕ್ಷೇಮಕ್ಕೆ ಒಳ್ಳೆಯದು. ಕಂದು ಉಣುಗು ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಗಷ್ಟೇ ಔಷಧ ಹಾಕಿ ಅದರ ಗೂಡನ್ನು ಮರೆತರೆ ವಾರದಲ್ಲಿ ಮತ್ತೆ ಅದೇ ಕಥೆ. ದನಕ್ಕೆ ಹಚ್ಚುವ ಔಷಧವನ್ನು ಅಂದಾಜಿನಲ್ಲಿ ನಾಯಿಗೆ ಬಳಿಯಬೇಡಿ, ಅಳತೆ ತಪ್ಪಿದರೆ ವಿಷ. ದಿನವೂ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಬೆರಳಾಡಿಸಿ ನೋಡಿ. ನಿನ್ನೆಯವರೆಗೆ ಕುಣಿಯುತ್ತಿದ್ದ ನಾಯಿ ಊಟ ಬಿಟ್ಟು ಮಂಕಾದರೆ, ವಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಕಂಡರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಉಣುಗು ಜ್ವರದ ಅನುಮಾನ ಪಡಬೇಕು. ರಕ್ತಪರೀಕ್ಷೆ ಆಗಲೇಬೇಕು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಭದ್ರಾವತಿಯಿಂದ ಸುಮಾರು 20 ಕಿ.ಮೀ. ದಾರಿ, ನಾಳೆಯವರೆಗೆ ಕಾಯದೆ ಅವತ್ತೇ ಹೊರಡಿ.