ಸಮ್ ಮರಳುದಿಬ್ಬಗಳಲ್ಲಿ ಒಂದು ಸಂಜೆ

ರಾಜಸ್ಥಾನದ ಜೈಸಲ್ಮೇರ್ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಸಾಗಿದರೆ ಸಮ್ ಗ್ರಾಮದ ಮರಳುದಿಬ್ಬಗಳು ಎದುರಾಗುತ್ತವೆ. ಚಳಿಗಾಲದ ಒಂದು ಸಂಜೆ ನಾವು ಸಕುಟುಂಬರಾಗಿ ಅಲ್ಲಿಗೆ ತೆರಳಿದ್ದೆವು. ಮಕ್ಕಳ ಕಣ್ಣೆಲ್ಲ ಜೀಪಿನ ಮೇಲೆ. ಒಂಟೆಯ ಹಗ್ಗ ಹಿಡಿದು ನಿಂತಿದ್ದ ವೃದ್ಧರೊಬ್ಬರು, “ಜೀಪುಗಳು ಬಂದ ಮೇಲೆ ನಮ್ಮನ್ನು ಕೇಳುವವರೇ ಕಡಿಮೆ” ಎಂದರು. ನಾವು ಒಂಟೆಯನ್ನೇ ಏರಿದೆವು. ಅದು ಏಳುವಾಗ ಮೊದಲು ಹಿಂಗಾಲು ಎತ್ತುವುದರಿಂದ ಸವಾರರು ಹಿಂದಕ್ಕೆ ಬಾಗಿ ಕುಳಿತಿರಬೇಕು.

ಗಾಳಿಯು ಮರಳನ್ನು ಇಳಿಜಾರಿನ ಮೇಲೇರಿಸಿ ಆಚೆಯ ಕಡಿದಾದ ಬದಿಗೆ ಸುರಿಯುತ್ತದೆ. ಹೀಗೆ ದಿಬ್ಬಗಳು ಮೆಲ್ಲನೆ ಸರಿಯುತ್ತಿರುತ್ತವೆ. ಈ ಸೀಮೆಯ ಮರುಭೂಮಿ ರಾಷ್ಟ್ರೀಯ ಉದ್ಯಾನವು ಅಳಿವಿನಂಚಿನಲ್ಲಿರುವ ಎರ್ಲಡ್ಡು ಹಕ್ಕಿಯ ಆಶ್ರಯತಾಣ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿಗೂ ಅದು ಪರಿಚಿತವೇ.

ನಮ್ಮ ಹೆಜ್ಜೆಗುರುತುಗಳನ್ನು ಗಾಳಿ ಅಳಿಸೀತು. ಪ್ರವಾಸಿಗರು ಎಸೆದ ಪ್ಲಾಸ್ಟಿಕ್ ಸೀಸೆಗಳನ್ನು ಅಳಿಸದು. ಮಕ್ಕಳು ಒಂದು ಚೀಲದಷ್ಟು ಆಯ್ದು ತಂದರು. ಹೋಗುವವರು ಚೀಲವೊಂದನ್ನು ಮರೆಯದಿರಲಿ.